ಓಡಿಹೋದರು ಅಂತ ಹೇಳಿದ್ದ ದೊಡ್ಡಜ್ಜ ಧಾರವಾಡದಲ್ಲಿದ್ದರು

ನನ್ನ ಅಜ್ಜನಿಗೆ ಒಬ್ಬ ಅಣ್ಣ ಇದ್ದರು. ಮನೆಯಲ್ಲಿ ಅವರ ಫೋಟೊ ಇಲ್ಲ. ಹಿರಿಯರಿಗೆ ಎಡೆ ಹಿಡಿಯುವಾಗ ಅವರ ಹೆಸರು ಹೇಳುತ್ತಿರಲಿಲ್ಲ. "ಹರೇದಾಗ ಮನಿ ಬಿಟ್ಟು ಓಡಿ ಹೋದ" ಅಂತ ದೊಡ್ಡವರು ಹೇಳುತ್ತಿದ್ದರು, ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಅಪ್ಪ ತೀರಿಕೊಂಡ ಮೇಲೆ ನನ್ನ ಸೋದರತ್ತೆ ತಾವಾಗಿಯೇ ಬಾಯಿ ಬಿಟ್ಟರು. "ಓಡಿ ಗೀಡಿ ಹೋಗಿಲ್ಲಪಾ ತಮ್ಮಾ. ಅವನ್ನ ಧಾರವಾಡಕ್ಕ ಒಯ್ದ್ರು. ಚಕ್ಕಡ್ಯಾಗ ಗದಗ ಟೇಶನ್‌ತನಾ ಹೋಗಿ ರೈಲಿಗೆ ಹತ್ತಿಸಿದ್ರಂತ. ಜೋಡಿ ಪೊಲೀಸ ಪಾಟೀಲ ಇದ್ದನಂತ. ನಮ್ಮವ್ವ ಹೇಳ್ತಿದ್ಲು."

ಅತ್ತೆ ಹುಟ್ಟುವ ಮೊದಲಿನ ಸಂಗತಿ ಅದು. ಅಜ್ಜಿ ಈ ಮನೆಗೆ ಸೊಸೆಯಾಗಿ ಬಂದ ಮರುವರ್ಷ ನಡೆದದ್ದಂತೆ. ಅಂದರೆ 1934ರ ಆಸುಪಾಸು. ನಮ್ಮ ಕಡೆ ಇಂಥ ಮಾತಿನಲ್ಲಿ ಧಾರವಾಡ ಅಂದರೆ ಯಾವ ಜಾಗ ಅಂತ ಯಾರೂ ಬಿಡಿಸಿ ಹೇಳಬೇಕಿಲ್ಲ. 1845ರಲ್ಲಿ ಶುರುವಾದ ಹುಚ್ಚರ ದವಾಖಾನೆ, ಇವತ್ತಿನ ಡಿಮ್ಹಾನ್ಸ್. ಆದರೆ ಅಜ್ಜಿ ಸೊಸೆಗೋ ಮಗಳಿಗೋ ಹೇಳಿದ ಮಾತು ಬೇರೆ, ಅದಕ್ಕೊಂದು ಕಾಗದ ಸಿಗುವುದು ಬೇರೆ. ನಿಜವಾಗಿ ಅಲ್ಲಿದ್ದರಾ? ಎಷ್ಟು ವರ್ಷ ಇದ್ದರು? ವಾಪಸ್ ಯಾಕೆ ಬರಲಿಲ್ಲ? ಇದನ್ನು ತಿಳಿದುಕೊಳ್ಳಲೇಬೇಕು ಅನಿಸಿತು. ಒಂದು ಜೀವವನ್ನು ಮನೆಯ ಲೆಕ್ಕದಿಂದ ಹೀಗೆ ಅಳಿಸಿ ಕೂತಿರುವುದು ನನಗೆ ಸರಿ ಕಾಣಲಿಲ್ಲ.

ಗೊತ್ತಿದ್ದವರೊಬ್ಬರು "ನಿಮ್ಹಾನ್ಸ್‌ನಲ್ಲಿ ಕೇಳು, ಅಲ್ಲಿ ಎಲ್ಲ ಹಳೆ ದಾಖಲೆ ಇರುತ್ತೆ" ಅಂದರು. ತುಂಬ ಜನ ಹೀಗೇ ಅಂದುಕೊಂಡಿದ್ದಾರೆ. ಆದರೆ ಇಲ್ಲಿ ಮೊದಲು ಕೇಳಬೇಕಾದದ್ದು ಆ ಕಾಲದಲ್ಲಿ ನಿಮ್ಮ ಊರು ಯಾವ ಸರ್ಕಾರದ ಕೆಳಗಿತ್ತು ಅನ್ನುವುದನ್ನು. ಬೆಂಗಳೂರಿನ ಆಸ್ಪತ್ರೆ ಮೈಸೂರು ಸಂಸ್ಥಾನದ್ದು. 1840ರ ದಶಕದಲ್ಲಿ ಪೇಟೆಯಲ್ಲಿ ಶುರುವಾಗಿ, 1925ರಲ್ಲಿ ಮೆಂಟಲ್ ಹಾಸ್ಪಿಟಲ್ ಅಂತ ಹೆಸರು ಬದಲಾಗಿ, 1930ರ ದಶಕದಲ್ಲಿ ಈಗಿರುವ ಜಾಗಕ್ಕೆ ಬಂದದ್ದು. ತುಮಕೂರು, ಕೋಲಾರದ ಕಡೆಯವರಿಗೆ ಅದು ಸರಿ. ಮಂಗಳೂರು ಕಡೆಯವರು, ಬಳ್ಳಾರಿಯವರು ಮದರಾಸು ಸರ್ಕಾರದ ಕೆಳಗಿದ್ದರು. ಆ ಸರ್ಕಾರದ ಆಸ್ಪತ್ರೆಗಳು ಮದರಾಸಿನ ಕಿಲ್ಪಾಕ್‌ನಲ್ಲಿ, ಕಲ್ಲಿಕೋಟೆಯಲ್ಲಿ ಇದ್ದವು. ನಮ್ಮ ಗದಗ, ಧಾರವಾಡ, ಬೆಳಗಾವಿ, ವಿಜಾಪುರ ಎಲ್ಲ ಮುಂಬಯಿ ಪ್ರಾಂತ. ಅದರಲ್ಲೂ ನಡುನಡುವೆ ಸಂಸ್ಥಾನಗಳು. ಶಿರಹಟ್ಟಿ ಗದಗಕ್ಕೆ ಎಷ್ಟು ಹತ್ತಿರ ಅಲ್ವಾ, ಆದರೆ ಅದು ಸಾಂಗಲಿ ಸಂಸ್ಥಾನದ ಊರು. ಅಲ್ಲಿನ ಕಾಗದಪತ್ರದ ದಾರಿಯೇ ಬೇರೆ. ನಮ್ಮ ಊರು ಗದಗ ತಾಲ್ಲೂಕಿನದು, ನೇರ ಬ್ರಿಟಿಷ್ ಸರ್ಕಾರದ್ದು. ಹಾಗಾಗಿ ಧಾರವಾಡವೇ ಆಗಬೇಕು.

ಮನೆಯಲ್ಲಿ ಕೂತೇ ನೋಡಬಹುದಾದದ್ದು ಒಂದಿದೆ. ಮುಂಬಯಿ ಪ್ರಾಂತದ ಹುಚ್ಚಾಸ್ಪತ್ರೆಗಳ ವಾರ್ಷಿಕ ವರದಿಗಳನ್ನು ಸ್ಕಾಟ್‌ಲ್ಯಾಂಡಿನ ರಾಷ್ಟ್ರೀಯ ಗ್ರಂಥಾಲಯ ಸ್ಕ್ಯಾನ್ ಮಾಡಿ ಅಂತರ್ಜಾಲದಲ್ಲಿ ಇಟ್ಟಿದೆ. ದುಡ್ಡು ಕೊಡಬೇಕಿಲ್ಲ. ಅದರಲ್ಲಿ ಯಾವ ರೋಗಿಯ ಹೆಸರೂ ಸಿಗುವುದಿಲ್ಲ, ಬರೀ ಕೋಷ್ಟಕಗಳು. ಧಾರವಾಡಕ್ಕೂ ಒಂದು ಸಾಲು. ವರ್ಷದಲ್ಲಿ ಎಷ್ಟು ಗಂಡಸರು ಬಂದರು, ಎಷ್ಟು ಹೆಂಗಸರು, ಎಷ್ಟು ಜನ ಗುಣವಾಗಿ ಹೋದರು, ಎಷ್ಟು ಜನ ತೀರಿಕೊಂಡರು. ಹಿಂದೆ ಏನು ಕೆಲಸ ಮಾಡುತ್ತಿದ್ದರು, ಯಾವ ಧರ್ಮ. ಹುಚ್ಚಿಗೆ ಕಾರಣ ಏನು ಅನ್ನುವುದಕ್ಕೂ ಒಂದು ಕೋಷ್ಟಕ ಇತ್ತು. ಗಾಂಜಾ, ಕುಡಿತ, ಜ್ವರ, ದುಃಖ, ಮನೆತನದಿಂದ ಬಂದದ್ದು, ಗೊತ್ತಿಲ್ಲ. ಇದನ್ನು ಓದುತ್ತಾ ನಾನು ಬಹಳ ಹೊತ್ತು ಕೂತಿದ್ದೆ. ದುಃಖ ಅನ್ನುವ ಸಾಲಿನಲ್ಲಿ ಒಂದು ಅಂಕಿ, ಅದರ ಹಿಂದೆ ಒಬ್ಬ ಮನುಷ್ಯ. ನಮ್ಮವರನ್ನು ಯಾವ ಸಾಲಿಗೆ ಹಾಕಿದ್ದರೋ. ಹೆಸರು ಹುಡುಕುವವರಿಗೆ ಈ ವರದಿಗಳಿಂದ ನೇರ ಉಪಯೋಗ ಇಲ್ಲ. ಆದರೂ ಓದಿ ಅಂತಲೇ ಹೇಳುತ್ತೇನೆ. ಆ ಜಾಗ ಹೇಗಿತ್ತು ಅಂತ ಸ್ವಲ್ಪವಾದರೂ ತಿಳಿಯುತ್ತದೆ.

ಅತ್ತೆಯ ಮಾತಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಪೊಲೀಸ ಪಾಟೀಲ, ಅಂದರೆ ಊರಿನ ಪೊಲೀಸ್ ಕೆಲಸ ನೋಡಿಕೊಳ್ಳುತ್ತಿದ್ದ ಮುಖ್ಯಸ್ಥ. ಅವನು ಯಾಕೆ ಜೊತೆಗೆ ಹೋದ? ಮನೆಯವರೇ ಕರೆದುಕೊಂಡು ಹೋಗಿ ಸೇರಿಸಿ ಬರಬಹುದಿತ್ತಲ್ಲ? ಇದಕ್ಕೆ ಉತ್ತರ ಕಾನೂನಿನಲ್ಲಿ ಸಿಕ್ಕಿತು. 1912ರ ಇಂಡಿಯನ್ ಲೂನಸಿ ಆಕ್ಟ್ ಆಗ ಜಾರಿಯಲ್ಲಿತ್ತು. ಅದು ಹೋಗಿ 1987ರ ಕಾಯ್ದೆ ಜಾರಿಗೆ ಬಂದದ್ದು 1993ರಲ್ಲಿ. ಅಷ್ಟು ವರ್ಷ ಅದೇ ಕಾನೂನು ನಡೆಯಿತು. ಅದರ ಪ್ರಕಾರ ರೋಗಿಯನ್ನು ಸುಮ್ನೆ ಬಾಗಿಲಿಗೆ ತಂದು ಬಿಟ್ಟರೆ ಆಸ್ಪತ್ರೆ ಸೇರಿಸಿಕೊಳ್ಳುವ ಹಾಗಿರಲಿಲ್ಲ. ಸಾಮಾನ್ಯವಾಗಿ ಮ್ಯಾಜಿಸ್ಟ್ರೇಟರ ಹುಕುಂ ಬೇಕಿತ್ತು. ಗಂಡ, ಹೆಂಡತಿ ಅಥವಾ ಸಂಬಂಧಿಕರು ಅರ್ಜಿ ಹಾಕುವುದು ಒಂದು ದಾರಿ. ಅದಕ್ಕೆ ಇಬ್ಬರು ಡಾಕ್ಟರ ಸರ್ಟಿಫಿಕೇಟ್ ಬೇಕು, ಅವರಲ್ಲಿ ಒಬ್ಬರು ಗೆಜೆಟೆಡ್ ಅಧಿಕಾರಿ ಆಗಿರಬೇಕು. ಅರ್ಜಿ ಹಾಕುವವರು ಹಿಂದಿನ 14 ದಿನದೊಳಗೆ ರೋಗಿಯನ್ನು ಕಣ್ಣಾರೆ ನೋಡಿರಬೇಕು. ಇನ್ನೊಂದು ದಾರಿ ಪೊಲೀಸರದ್ದು. ಬೀದಿ ಅಲೆಯುವವರನ್ನು, ಅಪಾಯ ಮಾಡಬಹುದು ಅನಿಸಿದವರನ್ನು ಪೊಲೀಸರು ಹಿಡಿದು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುತ್ತಿದ್ದರು. ಪರೀಕ್ಷೆಗಾಗಿ ಒಂದು ಸಲಕ್ಕೆ 10 ದಿನ, ಎಲ್ಲ ಸೇರಿ 30 ದಿನದವರೆಗೆ ಇಟ್ಟುಕೊಳ್ಳಬಹುದಿತ್ತು. ಎಷ್ಟೋ ಕಡೆ ಆ ದಿನಗಳು ಜೈಲಿನಲ್ಲೇ ಕಳೆಯುತ್ತಿದ್ದವು. ಅಪರಾಧ ಮಾಡದ ಮನುಷ್ಯ, ಕಾಯಿಲೆಯಾದ ಮನುಷ್ಯ, ಜೈಲಿನಲ್ಲಿ. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ಹಳ್ಳಿಯ ಬಡ ಒಕ್ಕಲು ಮನೆಗೆ ಇಬ್ಬರು ಡಾಕ್ಟರನ್ನು ಎಲ್ಲಿಂದ ತರುವುದು? ಹಾಗಾಗಿ ನಮ್ಮವರು ಎರಡನೇ ದಾರಿಯಲ್ಲೇ ಹೋಗಿರಬೇಕು ಅಂತ ನನ್ನ ಲೆಕ್ಕ. ಊರಿನ ಕಡೆಯಿಂದ ವರ್ದಿ ಕೊಡುವವನು ಪೊಲೀಸ ಪಾಟೀಲನೇ. ಅಂದರೆ ಅವರ ಕಾಗದ ಆಸ್ಪತ್ರೆಯಲ್ಲಿ ಮಾತ್ರ ಹುಟ್ಟಿಲ್ಲ. ಊರ ಚಾವಡಿ, ಪೊಲೀಸ್ ಠಾಣೆ, ಪ್ರಾಂತ ಸಾಹೇಬರ (ಉಪವಿಭಾಗದ ಅಧಿಕಾರಿಯ) ಕಚೇರಿ, ಕೊನೆಗೆ ಆಸ್ಪತ್ರೆ, ಎಲ್ಲ ಕಡೆ ಹುಟ್ಟಿದೆ. ಒಂದು ಕಡೆ ಇಲ್ಲದಿದ್ದರೆ ಇನ್ನೊಂದು ಕಡೆ ಹುಡುಕಬಹುದು. ಈ ಹುಡುಕಾಟಕ್ಕೆ ಇಳಿಯುವ ಯಾರಿಗಾದರೂ ನಾನು ಮೊದಲು ಹೇಳುವುದು ಇದನ್ನೇ. ಆಸ್ಪತ್ರೆಯ ಬಾಗಿಲಿಗೆ ಹೋಗುವ ಮೊದಲು, ಕಳಿಸಿದವರ ಕಡೆಯ ಕಾಗದ ಹುಡುಕಿ.

ಮ್ಯಾಜಿಸ್ಟ್ರೇಟರ ಹುಕುಂ ನನಗೆ ಸಿಗಲಿಲ್ಲ. ಅಂಥ ಕಾಗದಗಳನ್ನು ಇಷ್ಟು ವರ್ಷ ಅಂತ ಇಟ್ಟು ಆಮೇಲೆ ನಾಶ ಮಾಡುತ್ತಾರೆ. ಒಂದು ಕಚೇರಿಯಲ್ಲಿ ಗುಮಾಸ್ತರು ನಾನು ಕೇಳಿದ್ದನ್ನು ಪೂರ್ತಿ ಕೇಳಿಸಿಕೊಳ್ಳದೆಯೇ "ಹುಚ್ಚರ ಕಾಗದ ತಗೊಂಡು ಏನ್ ಮಾಡ್ತೀರಿ?" ಅಂದರು. ಉತ್ತರ ಕೊಡದೆ ಎದ್ದು ಬಂದೆ.

ಹೊಲದ ಕಾಗದ ಹಾಗಲ್ಲ. ಅದನ್ನು ಯಾವ ಸರ್ಕಾರವೂ ಸುಲಭಕ್ಕೆ ಬಿಸಾಡುವುದಿಲ್ಲ. ನಮ್ಮ ಮುತ್ತಜ್ಜ ತೀರಿಕೊಂಡ ಮೇಲೆ ಹೊಲ ಇಬ್ಬರು ಮಕ್ಕಳ ಹೆಸರಿಗೆ ಬಂದಿರಬೇಕು. ಹಾಗಿದ್ದರೆ ಅಣ್ಣನ ಹೆಸರು ಯಾವಾಗ, ಯಾಕೆ ಹೋಯಿತು ಅಂತ ಎಲ್ಲೋ ಒಂದು ಕಡೆ ಬರೆದಿರಲೇಬೇಕು. ಮುಂಬಯಿ ಪ್ರಾಂತದಲ್ಲಿ 20ನೇ ಶತಮಾನದ ಮೊದಲ ವರ್ಷಗಳಿಂದಲೇ ಹಕ್ಕು ಬದಲಾವಣೆಯ ರಜಿಸ್ಟರ್ ಇಡುತ್ತಿದ್ದರು. ನಾನು ಹೊಲದ ಈಗಿನ ಉತಾರದಲ್ಲಿದ್ದ (ಪಹಣಿಯಲ್ಲಿದ್ದ) ಡೈರಿ ನಂಬರ್, ಅಂದರೆ ಹಕ್ಕು ಬದಲಾವಣೆಯ ನೋಂದಿನ ನಂಬರ್ ಹಿಡಿದು ಹಿಂದೆ ಹಿಂದೆ ಹೋದೆ. ಒಂದು ನೋಂದು ಅದರ ಹಿಂದಿನದನ್ನು ತೋರಿಸುತ್ತದೆ, ಅದು ಇನ್ನೊಂದನ್ನು. ರೆಕಾರ್ಡ್ ರೂಮಿನಲ್ಲಿ ಬಟ್ಟೆಯ ಗಂಟು ಬಿಚ್ಚಿಕೊಟ್ಟವರು ನಿವೃತ್ತಿಯ ಹತ್ತಿರ ಬಂದಿದ್ದ ಒಬ್ಬ ಸಿಬ್ಬಂದಿ. ಅವರು ತೋರಿದ ತಾಳ್ಮೆ ದೊಡ್ಡದು. ಹಳೇ ಕೈಬರಹದ ಜೋಡಕ್ಷರ ನನಗೆ ಹತ್ತದಿದ್ದಾಗ ತಾವೇ ಬೆರಳಿಟ್ಟು ಓದಿದರು.

ಹಾಳೆಯ ಅಂಚು ಪುಡಿಯಾಗಿತ್ತು. ಮಸಿ ಕಂದು ಬಣ್ಣಕ್ಕೆ ತಿರುಗಿತ್ತು. ನಾಲ್ಕೇ ಸಾಲು. "ಸದರೀ ಇಸಮನು ಧಾರವಾಡ ಮೆಂಟಲ್ ಹಾಸ್ಪಿಟಲದಲ್ಲಿ ಇದ್ದಾಗ್ಗೆ ತಾ. 14-8-1941 ರೋಜಿ ಮಯತನಾದದ್ದರಿಂದ ಮತ್ತು ಅವನಿಗೆ ಹೆಂಡರು ಮಕ್ಕಳು ಇಲ್ಲದ್ದರಿಂದ, ಅವನ ಸಖ್ಖಾ ತಮ್ಮನು ಕೊಟ್ಟ ವರ್ದಿ ಮೇಲಿಂದ" ಅಂತ ಬರೆದು, ಮುಂದೆ ನನ್ನ ಅಜ್ಜನ ಹೆಸರು, ಸರ್ವೆ ನಂಬರ್, ಎಕರೆ ಗುಂಟೆ. ಇಸಮ ಅಂದರೆ ವ್ಯಕ್ತಿ, ಮಯತ ಅಂದರೆ ಮರಣ. ಪಕ್ಕದ ಕಾಲಮ್ಮಿನಲ್ಲಿ ಅಜ್ಜನ ಹೆಬ್ಬೆಟ್ಟು. ಅದರ ಸುತ್ತ ಕುಲಕರ್ಣಿ ಬರೆದ ಹೆಸರು.

ಸಿಕ್ಕಿತು ಅಂತ ಸಂತೋಷಪಡಬೇಕೋ ಬೇಡವೋ ತಿಳಿಯಲಿಲ್ಲ. ಆ ಹೆಬ್ಬೆಟ್ಟನ್ನು ನೋಡುತ್ತಾ ನಿಂತೆ. ಅಜ್ಜ ನಮ್ಮನ್ನೆಲ್ಲ ಹೊತ್ತು ತಿರುಗಿದವರು. ಅಣ್ಣ ಸತ್ತದ್ದು ಅವರಿಗೆ ತಾರೀಖಿನ ಸಮೇತ ಗೊತ್ತಿತ್ತು. ಅವರಿಗೆ ಮಾತ್ರ ಅಲ್ಲ. ಇಂಥ ನೋಂದು ಬಿದ್ದರೆ ಅದರ ನಕಲನ್ನು ಊರ ಚಾವಡಿಯಲ್ಲಿ ಅಂಟಿಸಬೇಕು ಅನ್ನುವುದು ಆಗಿನ ನಿಯಮ. ತಕರಾರು ಇದ್ದವರು ಬಂದು ಹೇಳಲಿ ಅಂತ. ಅಂದರೆ ಊರಿಗೆ ಊರೇ ಓದಿದೆ, ಓದಲು ಬಾರದವರು ಕೇಳಿಸಿಕೊಂಡಿದ್ದಾರೆ. ಓಡಿಹೋದ ಅನ್ನುವ ಕಥೆ ಊರಿನವರಿಗಾಗಿ ಕಟ್ಟಿದ್ದಲ್ಲ. ನಮಗಾಗಿ, ಮುಂದೆ ಹುಟ್ಟುವ ಮಕ್ಕಳಿಗಾಗಿ ಕಟ್ಟಿದ್ದು.

ತಾರೀಖು ಸಿಕ್ಕ ಮೇಲೆ ಮುಂದಿನ ಕೆಲಸ ಸುಲಭ. ಇಲ್ಲಿ ಜನ ಒಂದು ಸಂಗತಿ ಮರೆಯುತ್ತಾರೆ. ಸಾವು ನೋಂದಣಿಯಾಗುವುದು ಸತ್ತ ಊರಿನಲ್ಲಿ, ಹುಟ್ಟೂರಿನಲ್ಲಲ್ಲ. ನಮ್ಮ ಹಳ್ಳಿಯ ಮರಣದ ಪುಸ್ತಕದಲ್ಲಿ ಎಷ್ಟು ಹುಡುಕಿದರೂ ಅವರು ಸಿಗುತ್ತಿರಲಿಲ್ಲ. ಧಾರವಾಡ ಪಟ್ಟಣದ 1941ರ ಪುಸ್ತಕದಲ್ಲಿ ಹುಡುಕಬೇಕು. 1969ರ ಜನನ ಮರಣ ನೋಂದಣಿ ಕಾಯ್ದೆಯ 17ನೇ ಕಲಂ ಪ್ರಕಾರ ಯಾರು ಬೇಕಾದರೂ ಶುಲ್ಕ ಕಟ್ಟಿ ಪುಸ್ತಕ ಹುಡುಕಿಸಬಹುದು, ಉತಾರ, ಅಂದರೆ ಆ ನೋಂದಿನ ನಕಲು ಪಡೆಯಬಹುದು. ಆದರೆ ಉತಾರದಲ್ಲಿ ಸಾವಿನ ಕಾರಣ ಕೊಡುವ ಹಾಗಿಲ್ಲ, ಅದೇ ಕಲಮ್ಮಿನಲ್ಲಿ ಹಾಗಂತ ಇದೆ. ಹೆಸರು ಹುಡುಕುವಾಗ ಅಡ್ಡಹೆಸರಿನ ಮೇಲೆ ಭರವಸೆ ಇಡಬೇಡಿ. ಆಗ ಬರೆಯುತ್ತಿದ್ದದ್ದು ಇಂಥವನು ಬಿನ್ ಇಂಥವನು ಅಂತ. ಬಿನ್ ಅಂದರೆ ಇಂಥವರ ಮಗ. ಹೆಂಗಸಾದರೆ ಕೋಂ, ಅಂದರೆ ಇಂಥವರ ಹೆಂಡತಿ. ಮುಸಲ್ಮಾನರಾದರೆ ಬಿನ್ ಬದಲು ವಲದ್. ತಂದೆಯ ಹೆಸರು, ವಯಸ್ಸು, ಜಾತಿ, ಊರು ನಾಲ್ಕೂ ಹೊಂದಿದರೆ ಮಾತ್ರ ನಮ್ಮವರು ಅಂತ ಒಪ್ಪಿಕೊಳ್ಳಬೇಕು. ನನಗೆ ನಾಲ್ಕೂ ಹೊಂದಿದವು. ಸತ್ತ ಸ್ಥಳ, ಮೆಂಟಲ್ ಹಾಸ್ಪಿಟಲ್. ಸುದ್ದಿ ಕೊಟ್ಟವರು, ಆಸ್ಪತ್ರೆಯವರು.

ಸುದ್ದಿ ಕೊಟ್ಟವರ ಕಾಲಮ್ಮಿನಲ್ಲಿ ಮನೆಯವರ ಹೆಸರು ಇರಬಹುದು ಅಂತ ಒಳಗೊಳಗೇ ಆಸೆ ಇತ್ತು. ಇರಲಿಲ್ಲ.

1934ರಿಂದ 1941 ಅಂದರೆ ಹೆಚ್ಚುಕಡಿಮೆ ಏಳು ವರ್ಷ. ಆ ಏಳು ವರ್ಷದಲ್ಲಿ ಅವರಿಗೆ ಏನು ಚಿಕಿತ್ಸೆ ಸಿಕ್ಕಿರಬಹುದು? ಇವತ್ತಿನ ಮಾತ್ರೆಗಳು ಆಗ ಇರಲಿಲ್ಲ. ಕ್ಲೋರ್‌ಪ್ರೊಮಜೀನ್ ಬಂದದ್ದೇ 1950ರ ದಶಕದಲ್ಲಿ. ಅದಕ್ಕೂ ಮೊದಲು ಬ್ರೋಮೈಡ್, ಪ್ಯಾರಾಲ್ಡಿಹೈಡ್‌ನಂಥ ಮಂಪರು ಬರಿಸುವ ಔಷಧಿ, ತೋಟದ ಕೆಲಸ, ಬೀಗ. ದೇಶದ ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸಿ 1946ರಲ್ಲಿ ವರದಿ ಕೊಟ್ಟ ಭೋರ್ ಸಮಿತಿಗಾಗಿ ಕರ್ನಲ್ ಮೂರ್ ಟೇಲರ್ ಅನ್ನುವವರು ದೇಶದ ಮಾನಸಿಕ ಆಸ್ಪತ್ರೆಗಳನ್ನು ಸುತ್ತಿ ನೋಡಿದ್ದರು. ಅಖಂಡ ಭಾರತದ 40 ಕೋಟಿ ಜನಕ್ಕೆ ಇದ್ದದ್ದು 10 ಸಾವಿರದ ಆಸುಪಾಸು ಹಾಸಿಗೆ. ಅವುಗಳಲ್ಲಿ ಹೆಚ್ಚಿನವು ಗುಣಪಡಿಸುವುದಕ್ಕಿಂತ ಕೂಡಿಹಾಕುವುದಕ್ಕೇ ಇದ್ದವು ಅಂತ ಅವರು ಬರೆದರು. ಆಗಿನ ಹುಚ್ಚಾಸ್ಪತ್ರೆಗಳಲ್ಲಿ ಆಮಶಂಕೆ, ಕ್ಷಯದಿಂದ ಸಾಯುವವರು ಜಾಸ್ತಿ. ನಮ್ಮವರು ಹೇಗೆ ಹೋದರು ಅಂತ ಉತಾರ ಹೇಳುವುದಿಲ್ಲ.

ಬಿಡಿಸಿಕೊಂಡು ಬರುವ ದಾರಿ ಕಾನೂನಿನಲ್ಲಿ ಇತ್ತು. ಸರ್ಕಾರ ನೇಮಿಸಿದ ವಿಸಿಟರ್‌ಗಳು ತಿಂಗಳಿಗೊಮ್ಮೆಯಾದರೂ ಬಂದು ನೋಡಬೇಕು. ಮೂವರು ವಿಸಿಟರ್‌ಗಳು ಬರೆದು ಕೊಟ್ಟರೆ ಬಿಡುಗಡೆ. ಸಂಬಂಧಿಕರು ನಾವು ನೋಡಿಕೊಳ್ಳುತ್ತೇವೆ ಅಂತ ಮುಚ್ಚಳಿಕೆ ಕೊಟ್ಟರೂ ಕಳಿಸಬಹುದಿತ್ತು. ಅಜ್ಜನಿಗೆ ಇದು ತಿಳಿದಿತ್ತಾ? ಹೆಬ್ಬೆಟ್ಟು ಒತ್ತುವ ಮನುಷ್ಯನಿಗೆ ಇಂಗ್ಲಿಷಿನ ಕಾನೂನು ಯಾರು ಓದಿ ಹೇಳುತ್ತಿದ್ದರು? ಹೊಲದ ಆಸೆಗೆ ಬಿಟ್ಟರು ಅಂತ ಹೇಳುವುದು ಸುಲಭ. ನಾನು ಹಾಗೆ ಹೇಳಲಾರೆ. ರಾತ್ರಿಯೆಲ್ಲ ಕೂಗಾಡುವ ಅಣ್ಣ, ಹೊಸದಾಗಿ ಬಂದ ಹೆಂಡತಿ, ಮಾತ್ರೆ ಇಲ್ಲದ ಕಾಲ. ಅವರ ಮೇಲೆ ನನಗೆ ಸಿಟ್ಟಿಲ್ಲ. ಮನೆಯಲ್ಲಿ ಮಾತೇ ಆಡದೆ ಇದ್ದದ್ದರ ಬಗ್ಗೆ ಮಾತ್ರ ನೋವಿದೆ.

ಆ ಮೌನ ಇನ್ನೂ ಮುಗಿದಿಲ್ಲ. ಉತಾರ ತೋರಿಸಿದಾಗ ಚಿಕ್ಕಪ್ಪನ ಮಗ ಮುಖ ಗಂಟು ಹಾಕಿಕೊಂಡ. "ಅಣ್ಣಾ, ನನ್ನ ಮಗಳಿಗೆ ಗಂಡು ನೋಡಾಕತ್ತೇವಿ. ಈಗ್ಯಾಕ ಇದನ್ನ ಎಬ್ಬಸ್ತಿ? ಮನೆತನದಾಗ ಐತಿ ಅಂದ್ರ ಯಾರ್ ಬರ್ತಾರ?" ಅಂದ. ಅವನ ಭಯ ಸುಳ್ಳಲ್ಲ. ಸಂಬಂಧ ಕೇಳುವವರು ಇವತ್ತಿಗೂ ಇದನ್ನು ಕೇಳುತ್ತಾರೆ. ಅದಕ್ಕೇ ಇಲ್ಲಿ ಊರು, ಹೆಸರು, ಮನೆತನ ಯಾವುದನ್ನೂ ಬರೆದಿಲ್ಲ. ಆದರೆ ಹುಡುಕುವುದನ್ನು ನಿಲ್ಲಿಸುವುದಿಲ್ಲ ಅಂತ ಅವನಿಗೆ ಹೇಳಿದ್ದೇನೆ.

ಅತ್ತೆಗೆ ಹೊಲದ ನೋಂದನ್ನು ಓದಿ ಹೇಳಿದೆ. ಅವರು ಅಳಲಿಲ್ಲ. ತಾರೀಖು ಇನ್ನೊಮ್ಮೆ ಹೇಳು ಅಂದರು. ಶ್ರಾವಣ ಇರಬೇಕು ಅಂತ ತಮ್ಮಷ್ಟಕ್ಕೆ ಲೆಕ್ಕ ಹಾಕಿದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ. "ಅವನ್ನ ಮಾತಾಡಸಾಕ ನಮ್ಮ ಮಂದಿ ಯಾರರ ಹೋಗಿದ್ರೇನು?"

ಈ ಪ್ರಶ್ನೆಗೆ ಉತ್ತರ ಇದ್ದರೆ ಅದು ಆಸ್ಪತ್ರೆಯ ಪುಸ್ತಕಗಳಲ್ಲೇ ಇರಬೇಕು. ಈಗ ಅಲ್ಲಿಗೆ ಕೈಯಲ್ಲಿ ಕಾಗದ ಹಿಡಿದು ಹೋಗಬಹುದು. 2017ರ ಮಾನಸಿಕ ಆರೋಗ್ಯ ಕಾಯ್ದೆ ರೋಗಿಯ ಮಾಹಿತಿಯನ್ನು ಗುಟ್ಟಾಗಿ ಇಡಬೇಕು ಅನ್ನುತ್ತದೆ, ಹಾಗೆ ಇಡುವುದೂ ಸರಿ. ದಾಖಲೆ ನೋಡುವ ಹಕ್ಕನ್ನು ಅದು ಕೊಡುವುದು ರೋಗಿಗೆ. ತೀರಿಕೊಂಡು 80 ವರ್ಷ ದಾಟಿದವರ ಮೊಮ್ಮಕ್ಕಳು ಅದನ್ನೇ ನೆಚ್ಚಿಕೊಂಡು ಕೂರುವ ಹಾಗಿಲ್ಲ. ಮಾಹಿತಿ ಹಕ್ಕು ಕಾಯ್ದೆಯಲ್ಲಿ 8(3) ಅಂತ ಒಂದು ಕಲಂ ಇದೆ. 20 ವರ್ಷಕ್ಕಿಂತ ಹಿಂದೆ ನಡೆದ ಸಂಗತಿಯ ಮಾಹಿತಿಯನ್ನು ಕೆಲವೇ ವಿನಾಯಿತಿ ಬಿಟ್ಟು ಕೊಡಲೇಬೇಕು ಅನ್ನುತ್ತದೆ ಅದು. ವೈಯಕ್ತಿಕ ಮಾಹಿತಿ ಅನ್ನುವ ಕಾರಣ ಆ ವಿನಾಯಿತಿಗಳಲ್ಲಿ ಬರುವುದಿಲ್ಲ. ಇಂಥ ಹುಡುಕಾಟದವರಿಗೆ ಇದಕ್ಕಿಂತ ಒಳ್ಳೆ ಆಸರೆ ನನಗೆ ಕಂಡಿಲ್ಲ.

ಕರ್ನಾಟಕದಲ್ಲಿ ಮಾಹಿತಿ ಹಕ್ಕಿನ ಅರ್ಜಿ 150 ಪದ ದಾಟಬಾರದು, ಒಂದೇ ವಿಷಯ ಇರಬೇಕು, ಶುಲ್ಕ 10 ರೂಪಾಯಿ. ಕಡಿಮೆ ಪದದಲ್ಲಿ ಬರೆಯುವಾಗ "ಎಲ್ಲ ದಾಖಲೆ ಕೊಡಿ" ಅಂತ ಬರೆದರೆ ಕೆಲಸ ಕೆಡುತ್ತದೆ. ಯಾವ ಪುಸ್ತಕ, ಯಾವ ವರ್ಷ ಅಂತ ಹೇಳಬೇಕು. ಆಸ್ಪತ್ರೆಯ ಹಳೆ ಹೆಸರುಗಳನ್ನೂ ಸೇರಿಸಬೇಕು. 1922ರ ಸುಮಾರಿಗೆ ಬ್ರಿಟಿಷ್ ಭಾರತದ ಲೂನಟಿಕ್ ಅಸೈಲಮ್‌ಗಳು ಮೆಂಟಲ್ ಹಾಸ್ಪಿಟಲ್ ಆದವು, ಊರಿನ ಹೆಸರನ್ನೂ ಇಂಗ್ಲಿಷಿನಲ್ಲಿ ಧಾರ್ವಾರ್ ಅಂತ ಬರೆಯುತ್ತಿದ್ದರು. ಅಲ್ಲಿ ಏನೂ ಸಿಗದಿದ್ದರೆ ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ಮಹಾರಾಷ್ಟ್ರ ರಾಜ್ಯ ಪತ್ರಾಗಾರ ಇದೆ. ಹುಚ್ಚಾಸ್ಪತ್ರೆಗಳ ಪತ್ರವ್ಯವಹಾರ ಆಗಿನ ಜನರಲ್ ಡಿಪಾರ್ಟ್‌ಮೆಂಟಿನ ಸಂಪುಟಗಳಲ್ಲಿ ಸೇರಿದೆ. ಅಲ್ಲಿ ಹಳ್ಳಿಯ ಒಬ್ಬ ಒಕ್ಕಲಿಗನ ಹೆಸರು ಬರುವುದು ಅಪರೂಪ, ಆದರೂ ನೋಡುತ್ತೇನೆ.

ನನ್ನ ಅರ್ಜಿ ಬರೆದಾಗಿದೆ. 1933ರಿಂದ 1935ರ ದಾಖಲಾತಿ ಪುಸ್ತಕದಲ್ಲಿ ಈ ಹೆಸರಿನ, ಈ ತಂದೆಯ, ಈ ಊರಿನ ರೋಗಿಯ ನೋಂದಿನ ನಕಲು. ಜೊತೆಗೆ ಬಂದ ಮ್ಯಾಜಿಸ್ಟ್ರೇಟರ ಹುಕುಮಿನ ನಕಲು. 1941ರ ಆಗಸ್ಟ್ ತಿಂಗಳ ಮರಣ ಪುಸ್ತಕದ ಹಾಳೆ, ಮಣ್ಣು ಮಾಡಿದ್ದು ಎಲ್ಲಿ ಅನ್ನುವುದು ಸಹಿತ. ಸಂಬಂಧಿಕರಿಗೆ ಕಳಿಸಿದ ಪತ್ರಗಳ ನಕಲು. ಕೊನೆಯದು ಅತ್ತೆಯದು. ಆ ಏಳು ವರ್ಷದಲ್ಲಿ ಅವರನ್ನು ನೋಡಲು ಬಂದವರ ಹೆಸರು ಬರೆದ ಪುಸ್ತಕ ಇದ್ದರೆ, ಅದರ ಹಾಳೆಗಳು.